ಖಸಬಿನಿಂದ ಬುರೈಮಿಗೆ ಅರವತ್ತೆರಡು ಮೈಲಿ

ಮಸ್ಕತ್ತಿನ ಸೀಬ್ ನಿಲ್ದಾಣದಿಂದ ಖಸಬಿಗೆ ಹೋಗುವ ಸಣ್ಣ ವಿಮಾನ ನೆಲ ಬಿಟ್ಟು ಒಂದು ಸಲ ವಾಲಿತೆಂದರೆ ಸಾಕು, ಸ್ವರ್ಣಲತಾಳ ಕೈ ತಾನಾಗಿ ಎದುರು ಸೀಟಿನ ಜೇಬಿಗೆ ಹೋಗಿ ಕಾಗದದ ಚೀಲವನ್ನು ಹುಡುಕುತ್ತಿತ್ತು. ಹಿಂದಿನ ಸೀಟುಗಳಲ್ಲಿ ಕೂತವರು ಒಣಮೀನಿನ ಗೋಣಿಯನ್ನು ಕಾಲಡಿಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಡೀಸೆಲ್ಲಿನ ವಾಸನೆ, ಮೀನಿನ ವಾಸನೆ, ಯಾರದೋ ತಲೆಗೆ ಮೆತ್ತಿದ ಅತ್ತರು, ಎಲ್ಲವೂ ಸೇರಿ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಅವಳು ನರ್ಸು. ಬೇರೆಯವರ ವಾಂತಿ, ಕೀವು, ಹೇಲು ಉಚ್ಚೆಗಳನ್ನು ದಿನಾ ಬಳಿದು ತೊಳೆದು ಅದೇ ಕೈಯಲ್ಲಿ ಮಧ್ಯಾಹ್ನ ಊಟ ಮಾಡುವವಳು. ಆದರೆ ತನ್ನ ಹೊಟ್ಟೆ ತನ್ನ ಮಾತು ಕೇಳದಿದ್ದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಕಣ್ಣು ಮುಚ್ಚಿ, ಬಾಯಿಗೆ ಚೀಲ ಹಿಡಿದು, ಕೃಷ್ಣಾ ಕೃಷ್ಣಾ ಎನ್ನುತ್ತಾ ಖಸಬು ಮುಟ್ಟುತ್ತಿದ್ದಳು. ಅಲ್ಲಿ ದೂಮಪ್ಪ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದ. ಹೆಂಡತಿಯ ಮುಖ ನೋಡಿ, "ಇವತ್ತು ಎಷ್ಟು ಸಲ?" ಎಂದು ಕೇಳುತ್ತಿದ್ದ. ಅದೇ ಅವನ ಸ್ವಾಗತ.

ಅವಳು ಹೆಜಮಾಡಿಯವಳು. ಹಂಚಿನ ಕಾರ್ಖಾನೆಯಲ್ಲಿ ಕೂಲಿಗಿದ್ದ ಅಪ್ಪ, ಮಗಳು ಮಣ್ಣು ಹೊರುವುದು ಬೇಡವೆಂದು ಮಂಗಳೂರಿಗೆ ನರ್ಸಿಂಗ್ ಕಲಿಯಲು ಕಳಿಸಿದ್ದ. ದೂಮಪ್ಪ ಪಡುಬಿದ್ರಿಯವನು, ಡೀಸೆಲ್ ಜನರೇಟರಿನ ಮೆಕ್ಯಾನಿಕ್. ಮದುವೆಯಾದ ವರ್ಷವೇ ಅವನು ಒಮಾನಿಗೆ ಹೋದ. ಎರಡು ವರ್ಷ ಬಿಟ್ಟು, ೧೯೮೩ರಲ್ಲಿ, ಅವಳಿಗೂ ಬುರೈಮಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಊರಿನವರೆಲ್ಲ ಪುಣ್ಯವಂತೆ ಎಂದರು. ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದು ಕೊರಗುವ ಹೆಂಗಸರ ನಡುವೆ ಇವಳಿಗೆ ಗಂಡನ ದೇಶದಲ್ಲೇ ನೌಕರಿ! ಇಬ್ಬರೂ ಹಾಗೇ ತಿಳಿದಿದ್ದರು. ಊರಿನ ಶಾಲೆಯ ಗೋಡೆಯ ನಕಾಶೆಯಲ್ಲಿ ಒಮಾನ್ ಎಂದರೆ ಹೆಬ್ಬೆರಳಿನಷ್ಟು ಜಾಗ. ಅದರೊಳಗೆ ಎಲ್ಲಿದ್ದರೇನು, ಸಂಜೆಯ ಬಸ್ಸಿಗೆ ಬಂದು ಹೋಗುವಷ್ಟು ದೂರ ಇದ್ದೀತು ಎಂದುಕೊಂಡಿದ್ದರು.

ಬಂದಮೇಲೆ ಗೊತ್ತಾಯಿತು. ಖಸಬು ಇರುವುದು ದೇಶದ ಉತ್ತರ ತುದಿಯಲ್ಲಿ, ದೇಶದಿಂದಲೇ ತುಂಡಾಗಿ. ನಡುವೆ ಎಮಿರೇಟ್ಸ್ ಅಡ್ಡ ಮಲಗಿದೆ. ನೆಲದ ಮೇಲೆ ನೇರವಾಗಿ ಹೋಗಬೇಕಾದರೆ ಅವರ ರಸ್ತೆ, ಅವರ ಚೆಕ್‌ಪೋಸ್ಟು, ಅವರ ವೀಸಾ. ದೂಮಪ್ಪನ ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು. ಇನ್ನು ವಿಮಾನವೆಂದರೆ, ಖಸಬಿನಿಂದ ನೇರ ಬುರೈಮಿಗೆ ಹಾರುವಂಥದ್ದು ಇರಲೇ ಇಲ್ಲ. ಸ್ವರ್ಣಲತಾ ಗಂಡನನ್ನು ನೋಡಬೇಕಾದರೆ ಬುರೈಮಿಯಿಂದ ಟ್ಯಾಕ್ಸಿ ಹಿಡಿದು ಸೊಹಾರ್, ಅಲ್ಲಿಂದ ಇನ್ನೊಂದು ಟ್ಯಾಕ್ಸಿಯಲ್ಲಿ ಮಸ್ಕತ್ತಿನ ರೂವಿ, ಆ ರಾತ್ರಿ ಪಕ್ಕದ ದಾರ್ಸೈಟಿನಲ್ಲಿ ಪರಿಚಯದವರ ಮನೆಯ ಚಾಪೆ, ಮಾರನೆಯ ದಿನ ವಿಮಾನ. ಗಾಳಿ ಎದ್ದಿದ್ದರೆ ಅದೂ ಇಲ್ಲ. ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಅವಳಿಗೆ ಮೂವತ್ತು ದಾಟಿತು. ಊರಿನಿಂದ ಬರುವ ಪ್ರತಿ ಕಾಗದದಲ್ಲೂ ಅತ್ತೆ ವಿಶೇಷವೇನಾದರೂ ಉಂಟೋ ಎಂದು ಕೇಳುತ್ತಿದ್ದರು. ಎಲ್ಲಿಂದ ಬರಬೇಕು ವಿಶೇಷ?

ದೂಮಪ್ಪನ ಕಂಪನಿಯಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಹಿಂದೆ ಇದ್ದ ಯಾರೋ ಇಂಗ್ಲಿಷ್ ಸಾಹೇಬ ಮಾಡಿಟ್ಟು ಹೋದದ್ದು. ಗಂಡ ಹೆಂಡತಿ ಇಬ್ಬರೂ ಒಮಾನಿನಲ್ಲೇ ಕೆಲಸದಲ್ಲಿದ್ದು, ಅವರ ಊರುಗಳ ನಡುವಿನ ವಾಯುಮಾರ್ಗದ ದೂರ ನೂರು ಮೈಲಿ ಮೀರಿದ್ದರೆ, ನೌಕರನನ್ನು ಹೆಂಡತಿಯ ಊರಿನ ಹತ್ತಿರದ ಸೈಟಿಗೆ ವರ್ಗ ಮಾಡಬೇಕು. ೧೯೮೮ರ ಚಳಿಗಾಲದಲ್ಲಿ ಕಂಪನಿಗೆ ಬುರೈಮಿಯಲ್ಲಿ ನೀರಿನ ಪಂಪ್ ಹೌಸಿನ ಕೆಲಸ ಸಿಕ್ಕಿತು. ಅಲ್ಲಿಗೆ ಒಬ್ಬ ಮೆಕ್ಯಾನಿಕ್ ಬೇಕಾಗಿತ್ತು. ಆ ಜಾಗ ತುಂಬುವ ಮೊದಲು ದೂಮಪ್ಪನ ಹೆಸರು ಬರಬೇಕು. ಈ ಸಲ ತಪ್ಪಿದರೆ ಬುರೈಮಿಯಲ್ಲಿ ಮತ್ತೆ ಅಂಥ ಕೆಲಸ ಬರುವುದು ಯಾವಾಗಲೋ.

ದೂಮಪ್ಪ ಅರ್ಜಿ ಹಾಕಿದ. ಅವನ ಜೊತೆ ಖಸಬಿನ ಕ್ಯಾಂಪಿನಲ್ಲಿ ಅಡುಗೆಗಿದ್ದ ಕೊಗ್ಗನೂ ಹಾಕಿದ. ಕೊಗ್ಗನ ಹೆಂಡತಿ ಅಪ್ಪಿ ಬುರೈಮಿಯ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದಳು. ಪಂಪ್ ಹೌಸಿನವರಿಗೂ ಅಡುಗೆಯವನು ಬೇಕಲ್ಲ ಎಂಬುದು ಕೊಗ್ಗನ ಲೆಕ್ಕ. ಅಪ್ಪಿ ಶುಕ್ರವಾರ ಬಿಡುವು ಸಿಕ್ಕಾಗ ಸ್ವರ್ಣಲತಾಳ ಕೋಣೆಗೆ ಬಂದು, ಹಾಲಿನಪುಡಿಯ ಡಬ್ಬದಲ್ಲಿ ನೆಟ್ಟಿದ್ದ ತುಳಸಿಗೆ ಕೈಮುಗಿದು, "ಅಕ್ಕ, ನಿಮ್ಮದು ಆದ್ರೆ ನಮ್ಮದೂ ಆಯ್ತು ಅಂತ ಲೆಕ್ಕ ಅಲ್ವಾ?" ಎನ್ನುತ್ತಿದ್ದಳು.

ಉತ್ತರ ಬಂದದ್ದು ರೂವಿಯ ಹೆಡ್ ಆಫೀಸಿನ ಗುಮಾಸ್ತ ಕೊರಗಪ್ಪನ ಬಾಯಲ್ಲಿ. ಅವನು ದೂಮಪ್ಪನ ಊರಿನವನೇ. ಸ್ವರ್ಣಲತಾ ದಾರ್ಸೈಟಿಗೆ ಬಂದಾಗ ಇಳಿದುಕೊಳ್ಳುತ್ತಿದ್ದುದೂ ಅವನ ಮನೆಯಲ್ಲೇ. ಕ್ಲಿನಿಕ್ಕಿಗೆ ಫೋನು ಮಾಡಿ ಹೇಳಿದ.

"ಆಗ್ಲಿಲ್ಲ ಅಕ್ಕ. ದೂರ ಸಾಕಾಗುದಿಲ್ಲ ಅಂತೆ."

"ಸಾಕಾಗುದಿಲ್ಲ ಅಂದ್ರೆ?"

"ಅರವತ್ತೆರಡು ಮೈಲಿ ಬಂತು. ನೂರು ಬೇಕು."

"ಅರವತ್ತೆರಡಾ! ಹೆಜಮಾಡಿಯಿಂದ ಕುಂದಾಪುರಕ್ಕೆ ಹೋಗಿ ಬಂದ ಹಾಗೆ ಆಯ್ತಲ್ಲ, ಕೊರಗಪ್ಪಣ್ಣ! ನಾನು ಎರಡು ದಿನ ಪ್ರಯಾಣ ಮಾಡುದು ಎಂತದ್ದಕ್ಕೆ ಮತ್ತೆ?"

"ಅದು ನೀವು ಸುತ್ತಿ ಹೋಗುದು. ಇದು ಗಾಳಿಯಲ್ಲಿ. ಹಕ್ಕಿ ಹೋದ ಹಾಗೆ."

"ಹಕ್ಕಿಗೆ ಗಂಡ ಇದ್ದಾನಾ ಖಸಬಿನಲ್ಲಿ?" ಎಂದು ಫೋನು ಇಟ್ಟಳು. ಆಮೇಲೆ ತನ್ನ ಮಾತಿಗೆ ತಾನೇ ನಾಚಿದಳು. ಆದರೆ ಅರವತ್ತೆರಡು ಎನ್ನುವುದು ಅವಳಿಗೆ ನುಂಗಲಾಗಲಿಲ್ಲ. ವಿಮಾನದಲ್ಲಿ ಕಣ್ಣು ಬಿಟ್ಟಾಗಲೆಲ್ಲ ಮುಗಿಯದ ಗುಡ್ಡ, ಮುಗಿಯದ ಸಮುದ್ರ. ಅದನ್ನೆಲ್ಲ ಯಾರು ಮಡಿಸಿಟ್ಟರು?

ರಜೆ ಹಾಕಿ ರೂವಿಗೆ ಹೋದಳು. ಆಫೀಸಿನಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದವರು ಗೋಪಾಲಕೃಷ್ಣ. ಮೈಸೂರಿನವರು, ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ದೊಡ್ಡ ಮನೆ, ಒಳ್ಳೆಯ ಕಂಠ. ಮಸ್ಕತ್ತಿನ ಕನ್ನಡದವರಲ್ಲಿ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಆರತಿಯ ಹಾಡು ಅವರದೇ. ಹಣೆಯಲ್ಲಿ ಗಂಧ, ಮೇಜಿನ ಗಾಜಿನ ಕೆಳಗೆ ಕೃಷ್ಣನ ಪಟ. ಸ್ವರ್ಣಲತಾಳಿಗೆ ಅವರ ಮೇಲೆ ಗೌರವವಿತ್ತು. ದೇವರಿಗೆ ಹೆದರುವ ಮನುಷ್ಯ, ಹೇಳಿದರೆ ತಿಳಿದುಕೊಂಡಾರು ಎಂಬ ನಂಬಿಕೆಯಿಂದಲೇ ಹೋಗಿದ್ದಳು.

"ಬಾಮ್ಮ, ಕೂತ್ಕೊ. ನಮ್ಮವರು ಬಂದ್ರೆ ಸಂತೋಷ," ಎಂದರು ಅವರು. "ಆದ್ರೆ ನೋಡು, ನಿಯಮ ನಿಯಮವೇ. ನಾನೇ ಅಳತೆ ಮಾಡಿಸಿದ್ದೀನಿ."

"ಎಲ್ಲಿ ಅಳತೆ ಮಾಡಿದ್ದು ಸರ್?"

ಗೋಪಾಲಕೃಷ್ಣ ಕುರ್ಚಿ ತಿರುಗಿಸಿ ಬೆನ್ನ ಹಿಂದಿನ ಗೋಡೆ ತೋರಿಸಿದರು. ಯಾವುದೋ ಟೈರಿನ ಅಂಗಡಿಯವರು ಹೊಸವರ್ಷಕ್ಕೆ ಹಂಚಿದ ಕ್ಯಾಲೆಂಡರು. ಅದರಲ್ಲಿ ಒಮಾನಿನ ನಕಾಶೆ. ಮೇಲಿನ ಭಾಗವನ್ನೆಲ್ಲ ಒಂದು ದೊಡ್ಡ ಕಪ್ಪು ಟೈರು ನುಂಗಿತ್ತು. ಟೈರಿಗೆ ಜಾಗ ಮಾಡುವುದಕ್ಕಾಗಿ ಉತ್ತರದ ತುದಿಯನ್ನು ಕತ್ತರಿಸಿ, ಸುತ್ತ ಕಪ್ಪು ಗೆರೆ ಎಳೆದ ಒಂದು ಚೌಕದೊಳಗೆ ಕೂರಿಸಿ, ಬುರೈಮಿಯ ಎಡಮಗ್ಗುಲಿನಲ್ಲಿ ಖಾಲಿ ಇದ್ದ ಕಡೆ ಅಂಟಿಸಿದ್ದರು. ಆ ಚೌಕದೊಳಗೆ ಖಸಬಿನ ಚುಕ್ಕೆ. ಖಸಬಿನ ಚುಕ್ಕೆಯಿಂದ, ಚೌಕದ ಗೆರೆ ದಾಟಿ, ಬುರೈಮಿಯ ಚುಕ್ಕೆಯವರೆಗೆ ಸೀಸದಕಡ್ಡಿಯಲ್ಲಿ ಎಳೆದ ನೇರವಾದ ಗೆರೆ ಇನ್ನೂ ಕಾಣುತ್ತಿತ್ತು.

ಸ್ವರ್ಣಲತಾ ಎದ್ದು ಹತ್ತಿರ ಹೋಗಿ ನೋಡಿದಳು.

"ಈ ಚೌಕ ಯಾಕೆ ಸರ್?"

"ಅದಾ? ಮೇಲೆ ಜಾಗ ಸಾಲದೆ ಇತ್ತಲ್ಲ, ಅದಕ್ಕೆ ಅವರು ಅದನ್ನ ತೆಗೆದು ಪಕ್ಕದಲ್ಲಿ..." ಎಂದವರು ಅಲ್ಲಿಗೇ ನಿಂತರು. ಬಾಗಿಲಲ್ಲಿ ಫೈಲು ಹಿಡಿದು ನಿಂತಿದ್ದ ಕೊರಗಪ್ಪನನ್ನು ಒಮ್ಮೆ ನೋಡಿದರು. ಕೊರಗಪ್ಪ ತನ್ನ ಚಪ್ಪಲಿ ನೋಡಿದ.

ಅವರಿಗೆ ತಿಳಿಯಿತು ಎಂಬುದು ಸ್ವರ್ಣಲತಾಳಿಗೂ ತಿಳಿಯಿತು. ಇನ್ನೇನು, ಅಯ್ಯೋ ಪೆಚ್ಚಾದೆನಲ್ಲ ಎಂದು ನಗುತ್ತಾರೆ, ತಾನೂ ನಗಬಹುದು, ಕಾಗದ ತಿದ್ದಿದರೆ ಮುಗಿಯಿತು ಎಂದು ಕಾದಳು.

ಗೋಪಾಲಕೃಷ್ಣ ಕುರ್ಚಿಯನ್ನು ಮತ್ತೆ ಈ ಕಡೆಗೆ ತಿರುಗಿಸಿದರು. "ಅಳತೆ ಆಗಿದೆ. ಸಾಹೇಬರಿಗೆ ವರದಿ ಹೋಗಿದೆ, ಸಹಿಯೂ ಆಗಿದೆ. ಈಗ ಕೆದಕಿದ್ರೆ ಯಾರಿಗೂ ಒಳ್ಳೇದಲ್ಲ ಕಣಮ್ಮ. ನೀನು ನಮ್ಮ ಮನೆ ಮಗಳಿದ್ದ ಹಾಗೆ. ಈ ಶುಕ್ರವಾರ ಮನೇಲಿ ಭಜನೆ ಇದೆ. ದೂಮಪ್ಪನಿಗೂ ಬರಹೇಳಿದ್ದೀನಿ. ಬಾ, ನೋಡೋಣ. ಕೃಷ್ಣ ಇದ್ದಾನೆ."

ಮೆಟ್ಟಿಲಿಳಿಯುವಾಗ ಕೊರಗಪ್ಪ ಹಿಂದೆಯೇ ಓಡಿಬಂದ. ಕೆಳಗಿನ ಕೆಫೆಟೀರಿಯಾದಲ್ಲಿ ಚಹಾ ಕೊಡಿಸಿದ.

"ಕೋಪ ಮಾಡ್ಬೇಡಿ ಅಕ್ಕ. ಅವರು ಹೇಳಿದ್ರು, ನಾನು ಸ್ಕೇಲ್ ಇಟ್ಟೆ."

"ಆ ಚೌಕ ಇರುವುದು ಖಸಬಿನ ನಿಜವಾದ ಜಾಗದಲ್ಲಿ ಅಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ಲದೆ ಎಂತ? ಆಫೀಸಿನಲ್ಲಿ ಎಲ್ಲರಿಗೂ ಗೊತ್ತುಂಟು. ಚಹಾ ತರುವ ಬಂಗಾಳಿಗೂ ಗೊತ್ತುಂಟು. ಅವನು ಅದನ್ನು ನೋಡಿ ನಗಾಡ್ತಾನೆ."

"ಮತ್ತೆ ಯಾರೂ ಹೇಳಲಿಲ್ವಾ?"

"ಯಾರು ಹೇಳುದು? ದೊಡ್ಡವರು. ಅವರಿಗೆ ನಾಚಿಕೆ ಆಗುದಿಲ್ವಾ?" ಎಂದ ಕೊರಗಪ್ಪ, ಚಹಾದೊಳಗೆ ಬಿದ್ದ ಇರುವೆಯನ್ನು ಬೆರಳಲ್ಲಿ ತೆಗೆದು ಮೇಜಿಗೆ ಒರೆಸುತ್ತಾ. "ಕೇಳಿ, ಕೆಲಸ ಆಗ್ತದೆ. ಬೇರೆ ದಾರಿಯಲ್ಲಿ. ದೂಮಪ್ಪ ಒಂದು ಕಾಗದ ಬರೆದುಕೊಡ್ಬೇಕು. ದೂರ ಅರವತ್ತೆರಡೇ ಸರಿ, ನಾನು ತಪ್ಪು ತಿಳಿದು ಅರ್ಜಿ ಹಾಕಿದ್ದು ಅಂತ. ಆಗ ಗೋಪಾಲಕೃಷ್ಣರು ಮಾನವೀಯತೆ ಅಂತ ಹೇಳಿ ಸ್ಪೆಷಲ್ ಆಗಿ ಬುರೈಮಿಗೆ ಹಾಕ್ತಾರೆ. ಶುಕ್ರವಾರ ಭಜನೆಯಲ್ಲಿ ಎಲ್ಲರ ಎದುರು ಹೇಳ್ತಾರೆ. ನಿಮಗೂ ಮರ್ಯಾದೆ, ಅವರಿಗೂ ಮರ್ಯಾದೆ."

"ಕೊಗ್ಗನದ್ದು?"

ಕೊರಗಪ್ಪ ಕೈಯಾಡಿಸಿದ. "ಅವನದ್ದು ಇನ್ನು ಹೇಗೆ ಆಗ್ತದೆ? ಅರವತ್ತೆರಡು ಅಂತ ನೀವೇ ಒಪ್ಪಿದ ಮೇಲೆ ಆಯ್ತಲ್ಲ. ಅವನು ಅಡುಗೆಯವ, ಎಲ್ಲಿದ್ದರೂ ಅಡುಗೆ ಮಾಡ್ತಾನೆ."

ಸ್ವರ್ಣಲತಾ ಚಹಾದ ಲೋಟವನ್ನು ದೂರ ಸರಿಸಿದಳು. ಮೇಜಿನ ಮೇಲೆ ಒರೆಸಿಹೋಗಿದ್ದ ಇರುವೆಯ ಒಂದು ಕಾಲು ಇನ್ನೂ ಆಡುತ್ತಿತ್ತು. ಅಪ್ಪಿಯ ಮುಖ ಕಣ್ಣಿಗೆ ಬಂತು. ತನ್ನ ಸಂಸಾರ ಒಂದಾಗುವುದಕ್ಕೆ ತಾನೇ ಅಪ್ಪಿಯ ಬಾಗಿಲಿಗೆ ಮೊಳೆ ಹೊಡೆದುಕೊಡಬೇಕು, ಅದೂ ದೇವರ ಎದುರು, ತಾಳ ಮೃದಂಗದ ಜೊತೆಗೆ!

ಆದರೂ ಅವಳು ಭಜನೆಗೆ ಹೋದಳು. ಹೋಗದಿರುವುದಕ್ಕೆ ಅವಳಿಗೂ ಎದೆ ಸಾಲಲಿಲ್ಲ ಎಂಬುದೇ ನಿಜ. ಒಂದೇ ಸೂರಿನ ಕೆಳಗೆ ಗಂಡನಿಗೆ ಎರಡು ಹೊತ್ತು ಬಡಿಸಿಕೊಂಡು ಇರುವುದನ್ನು ಅವಳು ಎಷ್ಟೋ ವರ್ಷಗಳಿಂದ ದೇವರಲ್ಲಿ ಬೇಡಿಕೊಂಡಿದ್ದಳು. ಇದೇ ಅವನ ಉತ್ತರವೇನೋ, ಪಾತ್ರೆ ಕೊಳಕಾದರೂ ಒಳಗಿರುವುದು ಪ್ರಸಾದವೇನೋ ಎಂದು ಮನಸ್ಸಿಗೆ ಹೇಳಿಕೊಂಡಳು. ಗುರುವಾರ ವಿಮಾನದಲ್ಲಿ ಬಂದಿಳಿದ ದೂಮಪ್ಪನಿಗೆ ಹೇಳಿದಾಗ ಅವನು, "ಬರೆದುಕೊಟ್ಟಾಯ್ತು ಮಾರಾಯ್ತಿ. ಬಂದ ಕೂಡಲೇ ಕೊರಗಪ್ಪ ಬರೆಸಿಕೊಂಡ. ಒಂದು ಸಹಿ ಅಲ್ವಾ?" ಎಂದುಬಿಟ್ಟ.

ಗೋಪಾಲಕೃಷ್ಣರ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಸಿಯ ತಂಪು ಹೊರಗೆ ಹೋಗಬಾರದೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಊದುಬತ್ತಿಯ ಹೊಗೆ, ಪುಳಿಯೋಗರೆಯ ಘಾಟು, ತಲೆಗೆ ಹಚ್ಚಿದ ಎಣ್ಣೆ, ಎಷ್ಟೋ ಜೊತೆ ಪಾದಗಳ ಬೆವರು, ಎಲ್ಲವೂ ಒಳಗೇ ಸುತ್ತುತ್ತಿತ್ತು. ಗೋಪಾಲಕೃಷ್ಣ ರೇಷ್ಮೆ ಪಂಚೆ ಉಟ್ಟಿದ್ದರು. ಏಸಿಯ ಥಂಡಿಗೆ ಕಾಲು ಸೆಳೆತ ಬರುತ್ತದೆಂದು ಪಂಚೆಯ ಕೆಳಗೆ ಕಂದು ಬಣ್ಣದ ನೈಲಾನ್ ಕಾಲುಚೀಲ. ಅವರು ಹಾಡುವಾಗ ಕಣ್ಣಲ್ಲಿ ನೀರು ಬಂತು. ಕಣ್ಣೀರು ನಿಜವಾದದ್ದೇ. ಸ್ವರ್ಣಲತಾಳಿಗೆ ಎಲ್ಲಕ್ಕಿಂತ ಸಹಿಸಲು ಕಷ್ಟವಾದದ್ದು ಅದು. ಕಳ್ಳ ಅಳು ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

ಮಂಗಳಾರತಿ ಆದಮೇಲೆ ಅವರು ಎದ್ದು ನಿಂತರು.

"ಒಂದು ಸಣ್ಣ ಸಂತೋಷದ ಸುದ್ದಿ. ನಮ್ಮ ದೂಮಪ್ಪ ಖಸಬಿನಲ್ಲಿದ್ದಾರೆ, ಅವರ ಶ್ರೀಮತಿ ಬುರೈಮಿಯಲ್ಲಿ. ನಿಯಮದ ಪ್ರಕಾರ ದೂರ ಸಾಲದು. ಅಳತೆ ಪಕ್ಕಾ ಇದೆ. ಅದನ್ನ ಅವರೂ ಒಪ್ಪಿದ್ದಾರೆ. ಆದ್ರೆ ನಮ್ಮ ಜನ ಅಂದ ಮೇಲೆ ನಾವು ನೋಡಬೇಡ್ವೆ? ಸಾಹೇಬರ ಹತ್ರ ಹೋರಾಡಿ ಬುರೈಮಿಗೆ ಹಾಕಿಸಿದ್ದೀನಿ. ಹಾಗಂತ ನಾಳೆ ಎಲ್ಲಾರೂ ಅರ್ಜಿ ಹಿಡ್ಕೊಂಡು ಬರಬೇಡ್ರಪ್ಪಾ!"

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. "ಎಂಥ ಮನಸ್ಸು ನೋಡಿ," ಎಂದಳು ಸ್ವರ್ಣಲತಾಳ ಪಕ್ಕದಲ್ಲಿದ್ದ ಹೆಂಗಸು. ಚಪ್ಪಾಳೆ ತಟ್ಟುವವರಲ್ಲಿ ಆ ಆಫೀಸಿನ ಅರ್ಧ ಜನವಿದ್ದರು. ಟೈರಿನ ಕ್ಯಾಲೆಂಡರು ದಿನಾ ನೋಡುವವರು. ಒಬ್ಬನ ಮುಖದಲ್ಲೂ ಗೆರೆ ಅಲುಗಲಿಲ್ಲ. ಕೊರಗಪ್ಪ ದೂಮಪ್ಪನ ಭುಜಕ್ಕೆ ಮೊಣಕೈಯಿಂದ ತಿವಿದ. ದೂಮಪ್ಪ ಮುಂದೆ ಹೋಗಿ, ದೇವರ ಪಟಕ್ಕೆ ಬೆನ್ನು ಹಾಕಿ, ಗೋಪಾಲಕೃಷ್ಣರ ಕಾಲಿಗೆ ಅಡ್ಡಬಿದ್ದ. ಅವನ ಹಣೆ ಆ ಕಾಲುಚೀಲಕ್ಕೆ ತಾಗಿದ್ದನ್ನು ಸ್ವರ್ಣಲತಾ ನೋಡಿದಳು. ನಡುರಸ್ತೆಯಲ್ಲಿ ಯಾರೋ ತನ್ನ ಸೆರಗು ಎಳೆದ ಹಾಗಾಯಿತು.

"ಬಾಮ್ಮ, ನೀನೂ ಬಾ," ಎಂದು ಗೋಪಾಲಕೃಷ್ಣ ಪಂಚಾಮೃತದ ಬೆಳ್ಳಿ ಬಟ್ಟಲು ಎತ್ತಿಕೊಂಡರು. ಅವರ ಹೆಂಡತಿ ಪದ್ಮಮ್ಮ ಮೊದಲ ಚಮಚ ಅವರಿಗೇ ಕೊಟ್ಟಿದ್ದರು. ಮೀಸೆಗೆ ಅಂಟಿದ್ದನ್ನು ಬೆರಳಿನಿಂದ ಒರೆಸಿ, ಬೆರಳು ಚೀಪಿ, ಅದೇ ಬೆರಳಿನಲ್ಲಿ ಚಮಚ ಹಿಡಿದು ಅವಳೆಡೆಗೆ ಚಾಚಿದರು.

ಪ್ರಸಾದ ಬೇಡ ಎಂದು ಅವಳು ಹುಟ್ಟಿದಮೇಲೆ ಯಾವತ್ತೂ ಹೇಳಿದವಳಲ್ಲ. ಜ್ವರದಲ್ಲಿದ್ದಾಗಲೂ ಹೇಳಿದವಳಲ್ಲ. ಬಲಗೈ ಅಭ್ಯಾಸದಿಂದ ಮುಂದೆ ಬಂದಿತ್ತು. ಅಂಗೈ ಗುಳಿಯಾಗಿತ್ತು. ಅದನ್ನು ಹಾಗೇ ಇಟ್ಟುಕೊಂಡು ಕೇಳಿದಳು.

"ಸರ್, ಇದನ್ನು ತೆಗೆದುಕೊಳ್ಳುವ ಮೊದಲು ಒಂದು ಮಾತು. ಖಸಬಿನಿಂದ ಬುರೈಮಿಗೆ ಅರವತ್ತೆರಡು ಮೈಲಿ ಹೌದಾ?"

"ಇದೇನಮ್ಮ, ಭಜನೇಲಿ ಭೂಗೋಳ!" ಎಂದು ಅವರು ಸಭೆಯತ್ತ ನೋಡಿ ನಕ್ಕರು. ಸಭೆಯೂ ನಕ್ಕಿತು.

"ಹೌದು ಅಂತ ಒಂದು ಮಾತು ಹೇಳಿ ಸಾಕು. ದೇವರ ಎದುರು ಇದ್ದೀರಿ, ದೀಪ ಉರಿಯುತ್ತಾ ಉಂಟು. ನೀವು ಹೌದು ಅಂದ್ರೆ ನಾನೂ ಹೌದು ಅಂತೇನೆ."

ನಗು ನಿಂತಿತು. ಗೋಪಾಲಕೃಷ್ಣರ ಬಾಯಿ ಸ್ವಲ್ಪ ತೆರೆದೇ ಇತ್ತು. ಅವರ ಕಣ್ಣು ದೀಪದ ಕಡೆ ಹೋಗಿ, ತಿರುಗಿ ಬಂತು. ಚಮಚವನ್ನು ಬಟ್ಟಲಿಗೇ ಹಿಂದಿಟ್ಟರು. ಸುಳ್ಳು ಹೇಳಲು ಅವರಿಗೆ ಆಗಲಿಲ್ಲ. ನಿಜ ಹೇಳಲೂ ಆಗಲಿಲ್ಲ.

"ದೇವರ ವಿಷಯ ಬೇರೆ, ಆಫೀಸಿನ ವಿಷಯ ಬೇರೆ," ಎಂದರು ಕೊನೆಗೆ. ದನಿ ಬದಲಾಗಿತ್ತು. "ದೂಮಪ್ಪ, ನಿಮ್ಮ ಮನೆಯವರನ್ನ ಕರ್ಕೊಂಡು ಹೋಗಿ. ಅಳತೆ ಪ್ರಕಾರವೇ ಆಗಲಿ ಅಂದ್ರೆ ಹಾಗೇ ಆಗಲಿ. ಬುರೈಮಿ ಕೇಳೋರು ಬೇಕಾದಷ್ಟು ಜನ ಇದ್ದಾರೆ."

ಸ್ವರ್ಣಲತಾ ಕೈ ಹಿಂದೆ ತೆಗೆದುಕೊಂಡಳು. ಅವರನ್ನು ದಾಟಿ ಪಟದ ಹತ್ತಿರ ಹೋಗಿ, ಬಾಗಿ ನಮಸ್ಕರಿಸಿ, ಕೆಳಗೆ ಉದುರಿದ್ದ ಒಂದು ತುಳಸಿ ಎಲೆಯನ್ನು ತಾನೇ ಎತ್ತಿ ಬಾಯಿಗೆ ಹಾಕಿಕೊಂಡು ಹೊರಟಳು. ಹಿಂದಿನಿಂದ ಆ ಪಕ್ಕದ ಹೆಂಗಸು, "ಕೈಗೆ ಬಂದದ್ದನ್ನು ಹಾಳು ಮಾಡಿಕೊಂಡಳು. ಎಂಥ ಜಂಬ!" ಎಂದದ್ದು ಕೇಳಿಸಿತು. ಇನ್ಯಾರೋ, "ಮಕ್ಕಳಿಲ್ಲ ನೋಡಿ, ಅದಕ್ಕೇ ಹಾಗೆ," ಎಂದರು. ಅವಳು ಬಾಗಿಲಲ್ಲಿ ಚಪ್ಪಲಿ ಹುಡುಕುವಷ್ಟರಲ್ಲಿ ಒಳಗೆ ಪುಳಿಯೋಗರೆ ಬಡಿಸಲು ಶುರುಮಾಡಿದ್ದರು. ತಟ್ಟೆಗಳ ಸದ್ದು, ಬಾಯಿಗಳ ಸದ್ದು. ಗೇಟಿನ ಹೊರಗೆ ಗೋಡೆ ಹಿಡಿದು ನಿಂತು, ಬಿಸಿಲಿಗೆ ಮುಖ ಕೊಟ್ಟು, ಉಸಿರು ಎಳೆದುಕೊಂಡಳು.

ಟ್ಯಾಕ್ಸಿಯಲ್ಲಿ ದೂಮಪ್ಪ ಬೈಯುತ್ತಾನೆ ಎಂದು ಅವಳು ಕಾದಳು. ಬೈಯುವ ಹಕ್ಕು ಅವನಿಗಿತ್ತು. ಕಳೆದುಹೋದದ್ದು ಅವಳ ಒಬ್ಬಳ ಮನೆಯಲ್ಲ. ಕುರಂ ದಾಟಿದಮೇಲೆ ಅವನು ಕರವಸ್ತ್ರ ತೆಗೆದು ಹಣೆಯನ್ನು ಉಜ್ಜಿಕೊಂಡ. ಮತ್ತೆ ಉಜ್ಜಿಕೊಂಡ.

"ಎಂತ ಅದು?" ಎಂದಳು.

"ಆ ಸಾಕ್ಸು ಮಾರಾಯ್ತಿ. ಒಂದು ವಾರ ಒಗೆದಿರಲಿಕ್ಕಿಲ್ಲ. ನಾನು ಜನರೇಟರ್ ಒಳಗೆ ಸತ್ತ ಇಲಿ ತೆಗೆದವ. ಅದೂ ಇಷ್ಟು ನಾತ ಇರಲಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಬಲೂಚಿ ಡ್ರೈವರು ಕನ್ನಡಿಯಲ್ಲಿ ನೋಡಿ, ಏನೂ ತಿಳಿಯದೆ ತಾನೂ ನಕ್ಕ.

"ನೀವು ಅಡ್ಡಬಿದ್ದದ್ದು ಯಾಕೆ?" ಎಂದು ಕೇಳಿದಳು, ನಗು ನಿಂತಮೇಲೆ.

"ನಿನಗಾಗಿ ಅಲ್ವಾ?" ಎಂದ. ಕಿಟಕಿಯ ಹೊರಗೆ ನೋಡುತ್ತಾ ಮೆಲ್ಲಗೆ ಹೇಳಿದ: "ಕೊಗ್ಗ ನಿನ್ನೆ ಬೆಳಿಗ್ಗೆ ನನ್ನನ್ನು ವಿಮಾನಕ್ಕೆ ಬಿಡಲಿಕ್ಕೆ ಬಂದಿದ್ದ. ದಾರಿಗೆ ಅಂತ ನೀರುದೋಸೆ ಕಟ್ಟಿಕೊಟ್ಟ. ನಾನು ತಿಂದೆ. ತಿಂದು ಬಂದು ಸಹಿ ಹಾಕಿದೆ. ಈಗ ಹೇಗೆ ಅವನ ಕೈಯ ಊಟ ಮಾಡುದು ಅಂತ ಯೋಚನೆ ಮಾಡ್ತಾ ಇದ್ದೆ. ಒಳ್ಳೇದಾಯ್ತು, ನೀನು ಕೇಳಿದ್ದು." ಕರವಸ್ತ್ರ ಮಡಿಸಿ ಜೇಬಿಗಿಟ್ಟು, "ಆದ್ರೆ ಇನ್ನು ಎಂತ ಮಾಡುದು?" ಎಂದ.

"ಅವರು ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರಾ?"

"ತೆಗೆದು ಯಾರನ್ನು ಹಾಕ್ತಾರೆ? ಖಸಬಿಗೆ ಬರ್ತೇನೆ ಅನ್ನುವ ಮೆಕ್ಯಾನಿಕ್ ಇನ್ನೊಬ್ಬ ಹುಟ್ಟಬೇಕಷ್ಟೆ."

"ಹಾಗಾದ್ರೆ ನಾನೇ ಬರ್ತೇನೆ."

"ಎಲ್ಲಿಗೆ?"

"ಮತ್ತೆ ಎಲ್ಲಿಗೆ? ಅಲ್ಲಿ ಪೇಟೆಯಲ್ಲಿ ಒಬ್ಬ ಡಾಕ್ಟ್ರು ನರ್ಸ್ ಬೇಕು ಅಂತ ಹೇಳಿದ್ರು ಅಂತ ನೀವೇ ಹೇಳಿದ್ರಲ್ಲ. ಬುರೈಮಿಯ ಅರ್ಧ ಸಂಬಳ ಕೊಟ್ಟರೂ ಸಾಕು. ಬುರೈಮಿ ಸಿಕ್ಕಿದ್ದರೂ ಆ ಮನುಷ್ಯನ ದಯೆಯ ಮನೆಯಲ್ಲಿ ದಿನಾ ದೀಪ ಹಚ್ಚುದು ನನ್ನಿಂದ ಆಗ್ತಿರಲಿಲ್ಲ."

ಹೇಳಿದಷ್ಟು ಸುಲಭವಿರಲಿಲ್ಲ. ಕೆಲಸ ಬದಲಿಸಬೇಕಾದರೆ ಕಫೀಲ್, ಎಂದರೆ ವೀಸಾ ಕೊಡಿಸಿದ ಅಲ್ಲಿಯ ಮಾಲೀಕರು, ಬಿಡಬೇಕು. ಬುರೈಮಿಯ ಕ್ಲಿನಿಕ್ಕಿನ ಲೈಸೆನ್ಸು ಶರೀಫಾ ಎಂಬ ವಿಧವೆಯ ಹೆಸರಲ್ಲಿತ್ತು. ಅವಳ ತಾಯಿಗೆ ದಿನಾ ಸಕ್ಕರೆ ಕಾಯಿಲೆಯ ಚುಚ್ಚುಮದ್ದು ಕೊಡುತ್ತಿದ್ದವಳು ಸ್ವರ್ಣಲತಾಳೇ. ಶರೀಫಾ ಹಿಂದಿಯಲ್ಲಿ ಜಗಳಕ್ಕೇ ಬಂದಳು. "ಸಂಬಳ ಕಡಿಮೆಯಾಯಿತೇ? ಮನೆ ಸರಿಯಿಲ್ಲವೇ? ನನ್ನ ತಾಯಿ ಬೇರೆ ಯಾರ ಕೈಗೂ ತೋಳು ಕೊಡುವುದಿಲ್ಲ, ಗೊತ್ತುಂಟೋ ಇಲ್ಲವೋ?" ಸ್ವರ್ಣಲತಾ ಕೊನೆಗೆ, "ನನ್ನ ಗಂಡ ಖಸಬಿನಲ್ಲಿದ್ದಾರೆ," ಎಂದಷ್ಟೇ ಹೇಳಿದಳು. ಶರೀಫಾ ಬುರ್ಕಾದ ಹಿಂದಿನಿಂದ ದಿಟ್ಟಿಸಿ ನೋಡಿದಳು. "ಗಂಡ ಇದ್ದಾನೆಂದು ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನೀನೂ ನನ್ನ ಹಾಗೇ ಗಂಡನಿಲ್ಲದವಳು ಎಂದುಕೊಂಡಿದ್ದೆ." ಬೇರೆ ನರ್ಸು ಬರುವವರೆಗೆ ನಿಲ್ಲಿಸಿಕೊಂಡಳು. ಮತ್ತೆ ಒಂದು ದಿನ ಬಿಡುಗಡೆಯ ಕಾಗದ ಕೈಗಿಟ್ಟು, "ಖಲಾಸ್, ಹೋಗು," ಎಂದು ಮುಖ ತಿರುಗಿಸಿದಳು.

ಹೊರಡುವ ಮುಂಚಿನ ಶುಕ್ರವಾರ ಅಪ್ಪಿ ಬಂದಿದ್ದಳು. ಎಲ್ಲ ಸುದ್ದಿಯೂ ಅವಳಿಗೆ ತಲುಪಿತ್ತು. "ನೀವು ಬಾಯಿ ಮುಚ್ಚಿಕೊಂಡಿದ್ದರೆ ನಿಮಗಾದರೂ ಸಿಗುತ್ತಿತ್ತು ಅಕ್ಕ," ಎಂದಳು. ಅದು ಕೃತಜ್ಞತೆಯೋ ದೂರೋ ಸ್ವರ್ಣಲತಾಳಿಗೆ ತಿಳಿಯಲಿಲ್ಲ. ಪಂಪ್ ಹೌಸಿನ ಜಾಗ ಕೊರಗಪ್ಪನ ಭಾವಮೈದುನನಿಗೆ ಹೋಗಿತ್ತು. ಕೊಗ್ಗನ ಅರ್ಜಿ ಅರವತ್ತೆರಡು ಮೈಲಿಯ ಕಾರಣಕ್ಕೇ ಬಿದ್ದುಹೋಯಿತು. ಅಪ್ಪಿ ಮುಂದಿನ ವರ್ಷ ಸಾಕಾಗಿ ಊರಿಗೆ ಹೋದಳು. ಆಮೇಲೆ ಬಂದ ಹೊಸ ಸಾಹೇಬ, ಈ ನಿಯಮದಿಂದ ಯಾರಿಗೂ ಉಪಯೋಗವಾದ ದಾಖಲೆಯೇ ಇಲ್ಲವಲ್ಲ ಎಂದು ನಿಯಮವನ್ನೇ ತೆಗೆದುಹಾಕಿದ. ಗೋಪಾಲಕೃಷ್ಣರಿಗೆ ತೊಂಬತ್ತಮೂರರಲ್ಲಿ ಮಸ್ಕತ್ತಿನ ಕನ್ನಡಿಗರು ಶಾಲು ಹೊದಿಸಿ, ನೊಂದವರ ಬಂಧು ಎಂದು ಫಲಕ ಕೊಟ್ಟರು. ಫಲಕಕ್ಕೆ ಚಂದಾ ಕೇಳಲು ಕೊರಗಪ್ಪ ಖಸಬಿಗೂ ಫೋನು ಮಾಡಿದ್ದ. ಸ್ವರ್ಣಲತಾ ಅವನ ಹೆಂಡತಿ ಮಕ್ಕಳ ಆರೋಗ್ಯ ವಿಚಾರಿಸಿ ಫೋನು ಇಟ್ಟಳು. ದಾರ್ಸೈಟಿನ ಆ ಮನೆಯಲ್ಲಿ ಅವಳು ಮತ್ತೆ ಇಳಿದುಕೊಳ್ಳಲಿಲ್ಲ. ಮಸ್ಕತ್ತಿಗೆ ಹೋಗಲೇಬೇಕಾದಾಗ ದೇವಸ್ಥಾನಕ್ಕೆ ಮಾತ್ರ ಹೋಗಿ, ಜನ ಸೇರುವ ಮೊದಲೇ ಹೊರಟುಬರುತ್ತಿದ್ದಳು.

ಅದೆಲ್ಲ ಆಮೇಲಿನ ಮಾತು. ಅವಳು ಖಸಬಿಗೆ ಬಂದಿಳಿದ ದಿನ ದೂಮಪ್ಪ ಕಂಪನಿಯ ಪಿಕಪ್ ಕೇಳಿ ತಂದಿದ್ದ. ಬೆಟ್ಟದ ಬುಡದಲ್ಲಿ, ಖರ್ಜೂರದ ತೋಟಗಳ ಹಿಂದೆ, ಎರಡು ಕೋಣೆಯ ಮಣ್ಣುಗೋಡೆಯ ಮನೆ ಹಿಡಿದಿದ್ದ. ಬಾಗಿಲಿಗೆ ಚಿಲಕವಿರಲಿಲ್ಲ. ಒಳ ಹೊಕ್ಕರೆ ಊರಿನ ಆಡುಗಳು ಬಿಸಿಲಿಗೆ ಹೆದರಿ ಮಂದೆಯಾಗಿ ಮಲಗಿದ್ದವು. ನೆಲದ ತುಂಬಾ ಹಿಕ್ಕೆ, ಮೂತ್ರದ ನಾತ, ಮೂಲೆಯಲ್ಲಿ ಅರ್ಧ ಅಗಿದ ರಟ್ಟಿನ ಪೆಟ್ಟಿಗೆ. ಒಂದು ಹೋತ ಮಾತ್ರ ಎದ್ದು ನಿಂತು, ಗಡ್ಡ ಅಲುಗಿಸುತ್ತಾ, ನೀವು ಯಾರು ಎಂಬ ಹಾಗೆ ನೋಡಿತು.

ದೂಮಪ್ಪನ ಮುಖ ಸಣ್ಣಗಾಯಿತು. "ನಿನ್ನೆ ಗುಡಿಸಿ ಇಟ್ಟಿದ್ದೆ ಮಾರಾಯ್ತಿ. ಬೇರೆ ಕಡೆ ನೋಡುವನಾ? ಸಾಮಾನು ಇಳಿಸುದೋ ಬೇಡವೋ?"

ಸ್ವರ್ಣಲತಾ ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಳಿಸಿ," ಎಂದಳು. "ಮೊದಲು ಪೊರಕೆ ಕೊಡಿ."

ಆಮೇಲೆ ಹೋತದ ಕಿವಿ ಹಿಡಿದು, ಅದನ್ನು ಮುಂದೆ ಮಾಡಿಕೊಂಡು, ಮಿಕ್ಕವನ್ನೆಲ್ಲ ಒಂದೊಂದಾಗಿ ಹೊರಗಟ್ಟತೊಡಗಿದಳು.